ಜೀಪಿನ ವ್ಯಾಪಾರದಲ್ಲಿ ಅಮಾನತ್
(ಜುಮಾ ಖುತ್ಬಾದ ಸಾರಾಂಶ)





ಮಿಂಬರಿನ ಮೇಲೆ ನಿಂತು ಹಳೇ ಜೀಪಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈಚೆಗೆ ನಮ್ಮ ಜಮಾಅತ್ ಕಮಿಟಿಯ ಮುಂದೆ ಬಂದ ತಕರಾರುಗಳಲ್ಲಿ, ಗಂಡ ಹೆಂಡಿರ ಜಗಳ ಮತ್ತು ಆಸ್ತಿ ಪಾಲು ಬಿಟ್ಟರೆ, ಹೆಚ್ಚು ಹೊತ್ತು ತಿಂದದ್ದು ಜೀಪಿನ ವ್ಯಾಪಾರವೇ. ದೂರು ತಂದವರು ನಮ್ಮವರು. ದೂರಿಗೆ ಗುರಿಯಾದವರಲ್ಲೂ ನಮ್ಮವರಿದ್ದಾರೆ. ಅವರಲ್ಲಿ ಐದು ಹೊತ್ತು ಮಸೀದಿಗೆ ಬರುವವರೂ ಇದ್ದಾರೆ. ಪವಿತ್ರ ಕುರ್‌ಆನಿನ 83ನೇ ಅಧ್ಯಾಯವಾದ ಅಲ್ ಮುತಫ್ಫಿಫೀನ್, ಅಳತೆ ತೂಕದಲ್ಲಿ ಕಡಿತ ಮಾಡುವವರಿಗೆ ಕಾದಿರುವ ವಿನಾಶವನ್ನು ಹೇಳುತ್ತಲೇ ಆರಂಭವಾಗುತ್ತದೆ. ವ್ಯಾಪಾರವೆಂದರೆ ಮಸೀದಿಯ ಹೊರಗಿನ ಸಂಗತಿ ಎಂದು ತಿಳಿದವರು ಆ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಅರ್ಥಸಹಿತ ಓದಿ.

ನಮ್ಮ ಗುಡ್ಡಗಾಡಿಗೆ ಜೀಪು ಶೋಕಿಗಾಗಿ ಬಂದದ್ದಲ್ಲ. ಬಾಳೂರು, ಜಾವಳಿ ಕಡೆಯ ಏರುಗಳು, ಕಳಸದಿಂದ ಮೇಲಿನ ತೋಟದ ದಾರಿಗಳು, ಮಳೆಗಾಲದಲ್ಲಿ ಅಲ್ಲಿ ಕಾರು ಹತ್ತುವುದಿಲ್ಲ. ಹೆರಿಗೆ ನೋವಿನ ಹೆಂಗಸನ್ನೂ, ಗೊಬ್ಬರದ ಮೂಟೆಯನ್ನೂ, ಎಷ್ಟೋ ಸಲ ಜನಾಝವನ್ನೂ ಹೊತ್ತದ್ದು ಜೀಪೇ. ಅಮೆರಿಕದ ವಿಲ್ಲೀಸ್ ಕಂಪನಿಯ ಈ ಗಾಡಿಯನ್ನು ನಮ್ಮ ದೇಶದಲ್ಲಿ ಜೋಡಿಸಿದ ಮಹೀಂದ್ರ ಕಂಪನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್' ಎಂದಿತ್ತು. ಪಾಲುದಾರರಾಗಿದ್ದ ಮಲಿಕ್ ಗುಲಾಮ್ ಮುಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಇಂದಿನ ವಿಷಯಕ್ಕೆ ಇದು ಬೇಕಿಲ್ಲ, ಆದರೂ ನಮ್ಮ ಹುಡುಗರಿಗೆ ಗೊತ್ತಿರಲಿ.

ಈಗ ಆ ಹಳೇ ಜೀಪಿಗೇ ಬೇರೆ ಬೆಲೆ ಬಂದಿದೆ. ಕಾಫಿಗೆ ಒಳ್ಳೆಯ ದರ ಸಿಕ್ಕ ಮೇಲೆ ಅಜ್ಜನ ಕಾಲದ ಜೀಪಿನಂಥದ್ದೇ ಒಂದು ಮನೆ ಮುಂದೆ ಇರಲಿ ಎಂಬ ಆಸೆ ಹಲವರಿಗೆ. ಹೋಂಸ್ಟೇ ನಡೆಸುವವರಿಗೆ ಅದು ಬೇಕು. ಕ್ಯಾತನಮಕ್ಕಿಗೆ ಪ್ರವಾಸಿಗರನ್ನು ಹತ್ತಿಸುವವರಿಗೂ ಬೇಕು. ಶೆಡ್ಡಿನ ಮೂಲೆಯಲ್ಲಿ ಕೋಳಿ ಮಲಗುತ್ತಿದ್ದ ಗಾಡಿಗೆ ಹಸಿರು ಬಣ್ಣ ಬಳಿದು, ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆದು 'ಆರ್ಮಿ ಜೀಪು' ಎಂದು ಮಾರುತ್ತಾರೆ. ನಕ್ಷತ್ರ ಬರೆಯಲು ಡಬ್ಬಿ ಬಣ್ಣ ಸಾಕು, ಮಿಲಿಟರಿಯ ಕಾಗದ ಬೇಕಿಲ್ಲ.

ಒಂದು ಪ್ರಕರಣವನ್ನು ಹೆಸರು, ಊರು ಬಿಟ್ಟು ಹೇಳುತ್ತೇವೆ. ಗಲ್ಫಿನಿಂದ ಮರಳಿದ ಯುವಕನೊಬ್ಬ ಫೆಬ್ರವರಿಯಲ್ಲಿ 3 ಲಕ್ಷ 20 ಸಾವಿರ ಕೊಟ್ಟು ಹಳೇ ಜೀಪು ಕೊಂಡ. ನೋಡಲು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು. ಹತ್ತು ನಿಮಿಷ ಡಾಂಬರು ರಸ್ತೆಯಲ್ಲಿ ಓಡಿಸಿ ತೋರಿಸಿದರು. ಬೆಂಗಳೂರಿನಿಂದ ಇನ್ನೊಂದು ಪಾರ್ಟಿ ಹೊರಟಿದೆ, ನಾಳೆಯಾದರೆ ಸಿಗುವುದಿಲ್ಲ ಎಂದರು. ಅಲ್ಲಾಹನ ಮೇಲೆ ಆಣೆಯನ್ನೂ ಹಾಕಿದರು. ಸಂಜೆಯೊಳಗೆ ದುಡ್ಡು ಕೈ ಬದಲಾಯಿತು. ಸಿಕ್ಕಿದ್ದು ಆರ್‌ಸಿಯ ಜೆರಾಕ್ಸ್ ಮತ್ತು ಸಹಿ ಮಾಡಿದ ಖಾಲಿ ಫಾರಂಗಳು. ಜೂನ್ ಮಳೆಗೆ ತೋಟದ ಏರಿನಲ್ಲಿ ಫೋರ್ ವೀಲ್ ಲಿವರ್ ಎಳೆದರೆ ಮುಂದಿನ ಚಕ್ರ ತಿರುಗಲೇ ಇಲ್ಲ. ಗೇರಿನಿಂದ ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನೇ ಬಿಚ್ಚಿಟ್ಟಿದ್ದರು. ಮ್ಯಾಟ್ ಎತ್ತಿದರೆ ತುಕ್ಕು ತಿಂದ ತಳಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದದ್ದು ಬಿರುಕು ಬಿಟ್ಟಿತ್ತು. ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿದಾಗ ಗಾಡಿಯ ದಾಖಲೆಯ ಯಜಮಾನರು ತೀರಿಕೊಂಡು ವರ್ಷಗಳಾಗಿವೆ ಎಂದು ತಿಳಿಯಿತು. ಮಾರಿದವನು ಅವರ ಮಗನೂ ಅಲ್ಲ, ಅಳಿಯನೂ ಅಲ್ಲ. ಕೇಳಲು ಹೋದರೆ ಅವನ ಉತ್ತರ ಒಂದೇ: "ನೀನೇ ನೋಡಿ ತಗೊಂಡಿದ್ದಲ್ವಾ?"

ಆ ಯುವಕ ನಮ್ಮ ಬಳಿ ಬಂದದ್ದು ದೂರು ಕೊಡಲಿಕ್ಕಲ್ಲ, ಒಂದು ಮಸ್‌ಅಲ ಕೇಳಲಿಕ್ಕೆ. "ಉಸ್ತಾದ್, ಇನ್ನೊಂದು ಸಲ ಪೇಂಟ್ ಹೊಡೆಸಿ ಹಾಸನದ ಕಡೆ ಯಾರಿಗಾದ್ರೂ ಕೊಟ್ಬಿಡ್ಲಾ? ನಂಗೆ ಲಾಭ ಬೇಡ, ಹಾಕಿದ್ದು ವಾಪಸ್ ಬಂದ್ರೆ ಸಾಕು" ಎಂದ.

ಆ ಪ್ರಶ್ನೆಯಿಂದಲೇ ಇಂದಿನ ಖುತ್ಬಾ ಹುಟ್ಟಿತು. ಅದಕ್ಕೆ ಉತ್ತರ ಕೊಡುವ ಮೊದಲು ಮಾರಿದವನ ಮಾತನ್ನು ನೋಡೋಣ.

"ನೀನೇ ನೋಡಿ ತಗೊಂಡೆ" ಎಂಬುದಕ್ಕೆ ದೇಶದ ಕಾನೂನಿನಲ್ಲಿ ಸ್ವಲ್ಪ ಜಾಗವಿದೆ. ನಮ್ಮ ಜಮಾಅತ್‌ನ ವಕೀಲರೊಬ್ಬರು 1872ರ ಕರಾರು ಕಾಯ್ದೆಯ 17ನೇ ಕಲಮನ್ನು ನಮಗೆ ತೋರಿಸಿದರು. ಅಲ್ಲಿ ಒಂದು ಕುದುರೆಯ ಉದಾಹರಣೆಯಿದೆ. ಕುದುರೆಗೆ ದೋಷವಿದೆಯೆಂದು ಗೊತ್ತಿದ್ದೂ ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ, ಆ ಮೌನವೊಂದೇ ವಂಚನೆಯಾಗುವುದಿಲ್ಲ ಎನ್ನುತ್ತದೆ ಕಾಯ್ದೆ. ಖಾಸಗಿಯಾಗಿ ಹಳೇ ಗಾಡಿ ಕೊಂಡವನು ಕೋರ್ಟಿಗೆ ಹೋದರೆ ಮೊದಲು ಎದುರಾಗುವುದು ಈ ಗೋಡೆ.

ಶರೀಅತ್ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಪ್ರವಾದಿ(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದ ಪ್ರವಾದಿ(ಸ), ಮೋಸ ಮಾಡುವವನು ನಮ್ಮವನಲ್ಲ ಎಂದರು. ಅಬೂ ಹುರೈರಾ(ರ)ರಿಂದ ವರದಿಯಾಗಿ ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ಇದು. ಆ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಅವನು ಬಾಯಿ ತೆರೆದಿರಲೇ ಇಲ್ಲ, ಒದ್ದೆಯನ್ನು ಕೆಳಗೆ ಹಾಕಿದ್ದ, ಅಷ್ಟೇ. ನಮ್ಮ ಜೀಪಿನ ಮ್ಯಾಟು ಮಾಡಿದ್ದೂ ಅದೇ ಕೆಲಸ.

ಇನ್ನೊಂದು ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ, ಕೆಚ್ಚಲು ತುಂಬಿರುವಂತೆ ತೋರಿಸಿ ಒಂಟೆ, ಆಡು ಮಾರುವುದನ್ನು ಪ್ರವಾದಿ(ಸ) ನಿಷೇಧಿಸಿದರು. ಹಾಗೆ ಕೊಂಡವನು ಕರೆದು ನೋಡಿದ ಮೇಲೆ ಇಟ್ಟುಕೊಳ್ಳಬಹುದು. ಬೇಡವಾದರೆ ಕುಡಿದ ಹಾಲಿನ ಬದಲಿಗೆ ಒಂದು ಸಾಅ್ ಖರ್ಜೂರ ಸೇರಿಸಿ ಪ್ರಾಣಿಯನ್ನು ಹಿಂದಿರುಗಿಸಬಹುದು. ಈಗ ಗ್ಯಾರೇಜಿನವರನ್ನು ಕೇಳಿ ನೋಡಿ. ಹೊಗೆ ಮತ್ತು ಬಡಿತ ಅಡಗಿಸಲು ಎಂಜಿನ್‌ಗೆ ಗಟ್ಟಿ ಆಯಿಲ್ ಹಾಕುವುದು, ಸದ್ದು ಮುಚ್ಚಲು ಗೇರ್ ಬಾಕ್ಸಿಗೆ ಮರದ ಹುಡಿ ಹಾಕುವುದು, ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಡುವುದು, ಇವೆಲ್ಲ ಆ ಕೆಚ್ಚಲಿನ ವಿದ್ಯೆಯೇ. ಹದಿನಾಲ್ಕು ಶತಮಾನದಲ್ಲಿ ಪ್ರಾಣಿ ಹೋಗಿ ಯಂತ್ರ ಬಂದಿದೆ, ಕೈಚಳಕ ಅದೇ ಉಳಿದಿದೆ.

ನಮ್ಮಲ್ಲಿ ಶಾಫಿಈಗಳೂ ಹನಫಿಗಳೂ ಇದ್ದೇವೆ. ವ್ಯಾಪಾರದ ಕೆಲವು ಸೂಕ್ಷ್ಮಗಳಲ್ಲಿ ಇಮಾಮರ ಅಭಿಪ್ರಾಯ ಬೇರೆ ಬೇರೆ ಇದೆ. ಆದರೆ ಗೊತ್ತಿರುವ ದೋಷವನ್ನು ಮುಚ್ಚಿಟ್ಟು ಮಾರುವುದು ಹರಾಮ್ ಎಂಬುದರಲ್ಲಿ, ಮುಚ್ಚಿಟ್ಟ ದೋಷ ಕಂಡ ಮೇಲೆ ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಇದನ್ನು ಖಿಯಾರುಲ್ ಐಬ್ ಎನ್ನುತ್ತಾರೆ. ಆದರೆ ಒಂದು ಎಚ್ಚರ. ದೋಷ ಕಂಡ ಮೇಲೂ ತಿಂಗಳುಗಟ್ಟಲೆ ಓಡಿಸಿ ನಂತರ ದೂರು ತಂದರೆ ಅದನ್ನು ಒಪ್ಪಿಕೊಂಡಂತೆ ಆಗುತ್ತದೆ. ಕಂಡ ದಿನವೇ ಗಾಡಿ ನಿಲ್ಲಿಸಿ, ಮಾರಿದವನಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಮೊಬೈಲಿನ ಮೆಸೇಜೂ ಬರವಣಿಗೆಯೇ.

ಇನ್ನು ಕೊಳ್ಳುವವರ ಪಾಲು. "ನಮ್ಮ ಜಮಾಅತ್‌ನವರು, ಕಾಗದ ಕೇಳಿದರೆ ಏನಂದುಕೊಳ್ಳುತ್ತಾರೋ" ಎನ್ನುವ ಸಂಕೋಚವನ್ನು ನಾವು ತುಂಬ ಕೇಳಿದ್ದೇವೆ. ಪರೀಕ್ಷಿಸುವುದು ಗುಮಾನಿಯಲ್ಲ. ಈ ವಿಷಯದಲ್ಲಿ ಪ್ರವಾದಿ(ಸ)ರ ಸ್ವಂತ ಜೀವನದ ಘಟನೆಯೊಂದು ಅಬೂ ದಾವೂದ್ ಮತ್ತು ನಸಾಈಯಲ್ಲಿದೆ.

ಪ್ರವಾದಿ(ಸ) ಒಬ್ಬ ಬದೂ ಅರಬನಿಂದ ಕುದುರೆ ಕೊಂಡರು. ಬೆಲೆ ತೀರ್ಮಾನವಾಗಿತ್ತು. ದುಡ್ಡು ಕೊಡಲೆಂದು ಅವನನ್ನು ಕರೆದುಕೊಂಡು ಪ್ರವಾದಿ(ಸ) ಬೇಗ ಬೇಗ ನಡೆದರು. ಅವನು ಹಿಂದೆ ನಿಧಾನವಾಗಿ ಬರುತ್ತಿದ್ದ. ವ್ಯಾಪಾರ ಮುಗಿದದ್ದು ತಿಳಿಯದ ಜನ ದಾರಿಯಲ್ಲಿ ಅವನನ್ನು ತಡೆದು ಹೆಚ್ಚಿನ ಬೆಲೆ ಹೇಳತೊಡಗಿದರು. ಬದೂ ಅಲ್ಲಿಂದಲೇ ಕೂಗಿ, ಕೊಳ್ಳುವುದಾದರೆ ಈಗ ಕೊಳ್ಳಿ, ಇಲ್ಲದಿದ್ದರೆ ಬೇರೆಯವರಿಗೆ ಮಾರುತ್ತೇನೆ ಎಂದ. ನಿನ್ನಿಂದ ಆಗಲೇ ಕೊಂಡಾಗಿದೆಯಲ್ಲ ಎಂದರೆ, ಅಲ್ಲಾಹನಾಣೆ ಮಾರಿಲ್ಲ, ಸಾಕ್ಷಿ ತನ್ನಿ ಎಂದ. ವ್ಯಾಪಾರದ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಆಗ ಖುಝೈಮಾ ಬಿನ್ ಸಾಬಿತ್(ರ) ಮುಂದೆ ಬಂದು ನಾನು ಸಾಕ್ಷಿ ಎಂದರು. ನೀನು ಯಾವ ಆಧಾರದಲ್ಲಿ ಸಾಕ್ಷಿ ಹೇಳುತ್ತೀ ಎಂದು ಪ್ರವಾದಿ(ಸ) ಕೇಳಿದಾಗ, ತಮ್ಮನ್ನು ಸತ್ಯವಂತರೆಂದು ನಂಬಿದ ಆಧಾರದಲ್ಲಿ ಎಂದು ಉತ್ತರಿಸಿದರು. ಅಂದಿನಿಂದ ಅವರೊಬ್ಬರ ಸಾಕ್ಷ್ಯವನ್ನು ಇಬ್ಬರ ಸಾಕ್ಷ್ಯಕ್ಕೆ ಸಮವೆಂದು ಪ್ರವಾದಿ(ಸ) ಪರಿಗಣಿಸಿದರು.

ಸಹೋದರರೇ, ಲೋಕದ ಅತ್ಯಂತ ನಂಬಿಗಸ್ತರಾದ, ಶತ್ರುಗಳೂ ಅಲ್ ಅಮೀನ್ ಎಂದು ಕರೆದ ವ್ಯಕ್ತಿಯ ಎದುರಿನಲ್ಲೇ ಮಾರಾಟಗಾರನೊಬ್ಬ ಮಾತು ತಿರುಗಿಸಿದ. ನಮ್ಮ ನಿಮ್ಮ ಎದುರಿನಲ್ಲಿ ತಿರುಗಿಸುವುದು ಯಾವ ದೊಡ್ಡ ಮಾತು? ಖುಝೈಮಾರಂಥ ಸಾಕ್ಷಿ ನಮಗೆ ಸಿಗುವುದೂ ಇಲ್ಲ. ಅದಕ್ಕಾಗಿಯೇ ಅಲ್ ಬಕರಾ ಅಧ್ಯಾಯದ 282ನೇ ಸೂಕ್ತ, ಕುರ್‌ಆನಿನ ಅತಿ ದೀರ್ಘ ಸೂಕ್ತ, ಸಾಲವನ್ನು ಬರೆದಿಡುವ, ವ್ಯಾಪಾರಕ್ಕೆ ಸಾಕ್ಷಿ ಇಡುವ ವಿಷಯಕ್ಕೇ ಮೀಸಲಾಗಿದೆ. ನಮಾಝಿನ ವಿಷಯದಲ್ಲೂ ಅಷ್ಟು ಉದ್ದದ ಸೂಕ್ತವಿಲ್ಲ.

ಹಬ್ಬಾನ್ ಬಿನ್ ಮುನ್ಕಿದ್(ರ) ವ್ಯಾಪಾರದಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದರು. ಕೊಳ್ಳುವಾಗ 'ಲಾ ಖಿಲಾಬ' ಎಂದು, ಅಂದರೆ ಮೋಸ ಇರಬಾರದು ಎಂದು, ಬಾಯಿಬಿಟ್ಟು ಹೇಳುವಂತೆ ಪ್ರವಾದಿ(ಸ) ಅವರಿಗೆ ಕಲಿಸಿದರು. ಮೂರು ದಿನಗಳ ಅವಕಾಶದ ಮಾತೂ ಕೆಲವು ವರದಿಗಳಲ್ಲಿದೆ. ವಿಶೇಷವೆಂದರೆ, ಆಗಲೇ ಹೇಳಿದ 1872ರ ಕಾಯ್ದೆಯ ಕುದುರೆಯ ಉದಾಹರಣೆಗೆ ಇನ್ನೊಂದು ತುಂಡಿದೆ. ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿ, ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಹಬ್ಬಾನರಿಗೆ ಕಲಿಸಿದ ಒಂದು ವಾಕ್ಯವನ್ನು ನಾವು ಹೇಳಿದರೆ ದುನಿಯಾದ ಕೋರ್ಟಿನಲ್ಲೂ ಅದಕ್ಕೆ ತೂಕ ಬರುತ್ತದೆ. ಇಬ್ಬರು ಸಾಕ್ಷಿಗಳ ಎದುರು ಕೇಳಿ: ಎಂಜಿನ್, ಚಾಸಿ, ಗೇರು, ಬ್ರೇಕು, ಕಾಗದ ಇವುಗಳಲ್ಲಿ ನಿಮಗೆ ಗೊತ್ತಿರುವ ದೋಷ ಏನೂ ಇಲ್ಲ ಎಂದು ತಿಳಿಯಲೇ? ಇನ್ನೊಂದು ಮಾತು. ಸಾಮಾನ್ಯ ಎಚ್ಚರದಿಂದ ತಿಳಿಯಬಹುದಾಗಿದ್ದುದನ್ನು ನೋಡದೆ ಬಿಟ್ಟವನಿಗೆ, ಕೇವಲ ಮೌನದ ಮೋಸವೆಂದು ಕರಾರು ರದ್ದುಪಡಿಸಲು ಅದೇ ಕಾಯ್ದೆ ಬಿಡುವುದಿಲ್ಲ.

ಆದ್ದರಿಂದ ಬೆಳಿಗ್ಗೆ ತಣ್ಣಗಿರುವ ಎಂಜಿನ್ ನೋಡಲು ಹೋಗಿ. ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ, ಅವನ ಕೂಲಿ ಕೊಡಿ. ಮ್ಯಾಟ್ ಎತ್ತಿ, ತಳಕ್ಕೆ ಮಲಗಿ ನೋಡಿ, ಬಟ್ಟೆ ಕೊಳೆಯಾದರೆ ಆಗಲಿ. ಮಣ್ಣಿನ ಏರಿನಲ್ಲಿ ಫೋರ್ ವೀಲ್ ಹಾಕಿ ಹತ್ತಿಸಿ, ಇಳಿಜಾರಿನಲ್ಲಿ ಬ್ರೇಕ್ ನೋಡಿ. ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಪರೀಕ್ಷೆ ಮಾಡುವ ಪ್ರಸಂಗ ಯಾರಿಗೂ ಬರದಿರಲಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಮೂಲ ಆರ್‌ಸಿಯೊಂದಿಗೆ ಒಂದೊಂದಾಗಿ ಹೋಲಿಸಿ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ ಅಡಿಯಲ್ಲಿ ಡೀಸೆಲ್ ಎಂಜಿನ್ ಕೂತಿದ್ದರೆ ಅಲ್ಲಿಗೇ ನಿಲ್ಲಿಸಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೋಡಿಸಿದ ಚೆಂದದ ಜೀಪುಗಳನ್ನು ಫೋಟೋ ನೋಡಿ ತರಿಸುವವರು ಇದನ್ನು ವಿಶೇಷವಾಗಿ ಗಮನಿಸಿ.

ಮಾರುವವನು ಯಜಮಾನನೇ ಎಂದು ಖಚಿತ ಮಾಡಿಕೊಳ್ಳಿ. ತೀರಿಕೊಂಡವರ ಹೆಸರಿನಲ್ಲಿರುವ ಗಾಡಿ ವಾರಸುದಾರರೆಲ್ಲರ ಸೊತ್ತು, ಅದರಲ್ಲಿ ಯತೀಮ್ ಮಕ್ಕಳ ಪಾಲೂ ಇರಬಹುದು. ಅದು ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು. ನಂತರವಷ್ಟೇ ಫಾರಂ 29, 30. ಸಾಲವಿದ್ದರೆ ಫಾರಂ 35. ಹೊರ ರಾಜ್ಯದ್ದಾದರೆ ಎನ್‌ಒಸಿ.

'ವಿಂಟೇಜ್' ಎಂಬ ಮಾತಿಗೂ ಮರುಳಾಗಬೇಡಿ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ. ಹೊಸ ನೋಂದಣಿಗೆ ಶುಲ್ಕ 20 ಸಾವಿರ ರೂಪಾಯಿ. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ತೋಟಕ್ಕೆ ಕೂಲಿಯವರನ್ನು ಕರೆದೊಯ್ಯಲು ಜೀಪು ಬೇಕಾದವರಿಗೆ ಅದರಿಂದ ಏನು ಪ್ರಯೋಜನ?

ಮಾರುವವರಿಗೂ ಒಂದು ಮಾತು. ಖಾಲಿ ಫಾರಂಗೆ ಸಹಿ ಹಾಕಿ ದುಡ್ಡು ಎಣಿಸಿಕೊಂಡರೆ ಕೆಲಸ ಮುಗಿಯಿತು ಎಂದುಕೊಂಡಿದ್ದೀರಿ. ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಯಜಮಾನರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು, ಆದರೂ ಹೊಣೆ ಬಂದದ್ದು ಮೊದಲನೆಯವನ ತಲೆಗೆ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸುವುದು ಮಾರಿದವನ ಕರ್ತವ್ಯ.

ಬೆಂಗಳೂರಿನ ಪಾರ್ಟಿಯ ಕಥೆ ಕಟ್ಟುವ ದಲ್ಲಾಳಿಗಳು ನಜ್ಶ್ ಎಂಬ ಪದ ಕೇಳಿರಲಿಕ್ಕಿಲ್ಲ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲು ಸುಳ್ಳು ಗಿರಾಕಿಯಾಗುವುದಕ್ಕೆ ಆ ಹೆಸರು, ಪ್ರವಾದಿ(ಸ) ಅದನ್ನು ನಿಷೇಧಿಸಿದ್ದಾರೆ. ಇಲ್ಲದ ಗಿರಾಕಿಯನ್ನು ಹುಟ್ಟಿಸುವುದನ್ನೂ ಅದಕ್ಕೇ ಸೇರಿಸಬೇಕೆಂದು ನಾವು ತಿಳಿಯುತ್ತೇವೆ. ಸುಳ್ಳು ಆಣೆ ಸರಕನ್ನು ಸಾಗಿಸುತ್ತದೆ, ಬರಕತನ್ನು ಅಳಿಸುತ್ತದೆ ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ.

ಈಗ ಆ ಯುವಕನ ಪ್ರಶ್ನೆಗೆ ಬರೋಣ. ನಾವು ಕೊಟ್ಟ ಉತ್ತರ: ಕೂಡದು. ಲಾಭ ಬೇಡ, ಹಾಕಿದ್ದು ಬಂದರೆ ಸಾಕು ಎಂಬುದು ಕೇಳಲು ನ್ಯಾಯದಂತೆ ತೋರುತ್ತದೆ. ಆದರೆ ನಷ್ಟ ಮಾಡಿದವನು ಒಬ್ಬ, ತುಂಬಿಕೊಡಬೇಕಾದವನು ಹಾಸನದ ಇನ್ನೊಬ್ಬ, ಇದು ಯಾವ ಲೆಕ್ಕ? ಆ ಇನ್ನೊಬ್ಬನೂ ನಾಳೆ ಇದೇ ಮಾತು ಹೇಳಿ ಸಕಲೇಶಪುರದಲ್ಲಿ ಮಾರುತ್ತಾನೆ. ಅವನು ಮುಸ್ಲಿಮನಾಗಿರಲಿ, ಹಿಂದೂವಾಗಿರಲಿ, ಕ್ರೈಸ್ತನಾಗಿರಲಿ, ಹುಕುಮ್ ಬದಲಾಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲ ಮೋಸಗಾರನಿಗಿಂತ ಈ ಎರಡನೆಯವನ ಪರೀಕ್ಷೆ ಕಠಿಣ, ಏಕೆಂದರೆ ಅವನ ಕೈಯಲ್ಲಿ ನೆಪವಿದೆ, ಜನರ ಮರುಕವೂ ಇದೆ. ದೋಷಗಳನ್ನೆಲ್ಲ ಬರೆದು ಕೊಟ್ಟು, ಆ ದೋಷಕ್ಕೆ ತಕ್ಕ ಬೆಲೆಗೆ ಮಾರುವುದು ಹಲಾಲ್. ನಷ್ಟವನ್ನು ಕೇಳಬೇಕಾದದ್ದು ಮಾರಿದವನನ್ನು, ಕಮಿಟಿಯ ಮುಂದೆ, ಆಗದಿದ್ದರೆ ಪೊಲೀಸ್ ಠಾಣೆಯಲ್ಲಿ, ಕೋರ್ಟಿನಲ್ಲಿ.

ಅವನು ಒಪ್ಪಿದ. ಸುಲಭವಾಗಿ ಒಪ್ಪಲಿಲ್ಲ, ಎರಡು ವಾರ ನಮ್ಮ ಬಳಿ ಮಾತು ಬಿಟ್ಟಿದ್ದ. ಕಮಿಟಿ ಕರೆಸಿದಾಗ ಮಾರಿದವನು ಶಾಫ್ಟ್ ಬಿಚ್ಚಿದ್ದನ್ನು ಒಪ್ಪಿ 60 ಸಾವಿರ ಹಿಂದಿರುಗಿಸಿದ್ದಾನೆ. ಕಾಗದದ ವಿಷಯ ಇನ್ನೂ ಬಗೆಹರಿದಿಲ್ಲ, ತೀರಿಕೊಂಡವರ ಮಕ್ಕಳನ್ನು ಹುಡುಕುವ ಕೆಲಸ ನಡೆದಿದೆ. ಜೀಪು ಶೆಡ್ಡಿನಲ್ಲಿದೆ. ಹೋದ ದುಡ್ಡು ಅವನಿಗೆ ಪೂರ್ತಿ ಸಿಗುತ್ತದೆಂದು ನಾವು ಭರವಸೆ ಕೊಟ್ಟಿಲ್ಲ.

ಮೋಸ ಮಾಡಿದವನ ಬಗ್ಗೆ ಬೇರೆಯವರಿಗೆ ಹೇಳಿದರೆ ಗೀಬತ್ ಆಗುತ್ತದೆಯೇ ಎಂದು ಕೇಳಿದವರಿದ್ದಾರೆ. ಅವನಿಂದ ಗಾಡಿ ಕೊಳ್ಳಲು ಹೊರಟವನು ಬಂದು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ತಮ್ಮನ್ನು ಮದುವೆಗೆ ಕೇಳಿದವರ ಕುರಿತು ಫಾತಿಮಾ ಬಿಂತ್ ಕೈಸ್(ರ) ವಿಚಾರಿಸಿದಾಗ ಪ್ರವಾದಿ(ಸ) ಆ ಇಬ್ಬರ ಕೊರತೆಗಳನ್ನು ಮರೆಮಾಚದೆ ತಿಳಿಸಿದರು. ಆದರೆ ಚಹಾದಂಗಡಿಯಲ್ಲಿ ಅವನ ಅಪ್ಪ, ಅಜ್ಜನವರೆಗೆ ಎಳೆಯುವುದು, ಅವನ ಫೋಟೋ ವಾಟ್ಸಾಪಿನಲ್ಲಿ ಹಂಚುವುದು ಬೇರೆ ಸಂಗತಿ.

ಕೊಳ್ಳುವವನೂ ವಂಚಕನಾಗಬಲ್ಲ. ಗಂಡ ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ನಿಂತ ವಿಲ್ಲೀಸಿಗೆ ಪೇಟೆಯಲ್ಲಿ ಎಷ್ಟು ಬೆಲೆಯಿದೆಯೆಂದು ಆ ಮನೆಯ ತಾಯಿಗೆ ಗೊತ್ತಿರುವುದಿಲ್ಲ. ಗುಜರಿ ದರಕ್ಕೆ ಎತ್ತಿಕೊಂಡು ಬಂದು ಗೆಳೆಯರ ಮುಂದೆ ಹೆಮ್ಮೆಪಡುವವರನ್ನು ಬಲ್ಲೆವು. ಜರೀರ್ ಬಿನ್ ಅಬ್ದುಲ್ಲಾಹ್(ರ) ಅವರ ಸೇವಕ 300 ದಿರ್ಹಮಿಗೆ ಒಂದು ಕುದುರೆಯನ್ನು ಕುದುರಿಸಿದ. ಜರೀರ್ ಕುದುರೆಯನ್ನು ನೋಡಿ, ಇದರ ಬೆಲೆ ಇನ್ನೂ ಹೆಚ್ಚು ಎಂದು ಮಾರುವವನಿಗೆ ತಾವೇ ಹೇಳಿ, ನೂರು ನೂರಾಗಿ ಏರಿಸುತ್ತಾ 800 ಕೊಟ್ಟರು. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿ(ಸ)ರಿಗೆ ಬೈಅತ್ ಮಾಡಿದ್ದೇ ಕಾರಣವೆಂದರು. ತಬ್ರಾನಿ ಇದನ್ನು ವರದಿ ಮಾಡಿದ್ದಾರೆ. ಅಷ್ಟು ಎತ್ತರಕ್ಕೆ ನಾವೆಲ್ಲ ಏರುವುದು ಕಷ್ಟ. ಆ ತಾಯಿಗೆ ನಿಜವಾದ ದರವನ್ನಾದರೂ ತಿಳಿಸಬಹುದಲ್ಲ.

ಕಮಿಟಿಯು ವಕೀಲರ ಸಹಾಯದಿಂದ ಹಳೇ ಗಾಡಿಗಳ ಕರಾರು ಪತ್ರದ ನಮೂನೆಯೊಂದನ್ನು ಸಿದ್ಧಪಡಿಸಿದೆ. ಸೆಕ್ರೆಟರಿಯವರ ಬಳಿ ಉಚಿತವಾಗಿ ಸಿಗುತ್ತದೆ, ಜಮಾಅತ್‌ನವರಲ್ಲದ ನೆರೆಹೊರೆಯವರೂ ಪಡೆಯಬಹುದು. ಸಾಕ್ಷಿ ಬೇಕಾದವರು ಅಸರ್ ನಮಾಝಿನ ನಂತರ ಬನ್ನಿ, ನಾವು ಇರುತ್ತೇವೆ. ಪತ್ರದಲ್ಲಿ ಗಾಡಿಯ ದೋಷಗಳನ್ನು ಬರೆಯಲು ಅರ್ಧ ಪುಟ ಖಾಲಿ ಬಿಟ್ಟಿದೆ. ಐವತ್ತು ವರ್ಷದ ಜೀಪಿಗೆ ಅದು ಸಾಲದಿದ್ದರೆ ಹಿಂಬದಿಯಲ್ಲೂ ಬರೆಯಬಹುದು.